ಬಿಟ್ಟ ಕ್ಯಾಚು, ಬಿಡದ ಬಾಯಿ

2022ರ ಡಿಸೆಂಬರ್ 4ರಂದು ಢಾಕಾದ ಮೀರ್‌ಪುರ ಮೈದಾನದಲ್ಲಿ ಕೆ.ಎಲ್. ರಾಹುಲ್ ಕೈಯಿಂದ ಒಂದು ಚೆಂಡು ಜಾರಿತು. ಬಾಂಗ್ಲಾದೇಶ 136 ರನ್ನಿಗೆ 9 ವಿಕೆಟ್ ಕಳಕೊಂಡಿತ್ತು; ಗೆಲ್ಲಲು ಬೇಕಾದದ್ದು 187. ಶಾರ್ದೂಲ್ ಠಾಕೂರ್ ಎಸೆತವನ್ನು ಮೆಹದಿ ಹಸನ್ ಮಿರಾಜ್ ಎಳೆದು ಬಾರಿಸಲು ಹೋದರು. ಚೆಂಡು ಬ್ಯಾಟಿನ ಮೇಲಂಚಿಗೆ ತಾಗಿ ಆಕಾಶಕ್ಕೆ ಎದ್ದಿತು. ವಿಕೆಟ್ ಹಿಂದಿದ್ದ ರಾಹುಲ್ ಓಡಿಹೋಗಿ ಸರಿಯಾಗಿ ಅದರ ಕೆಳಗೇ ನಿಂತರು. ಗ್ಲೌಸಿಗೆ ಬಿದ್ದದ್ದು ಗ್ಲೌಸಿನಲ್ಲಿ ಉಳಿಯಲಿಲ್ಲ. ಆಗ 15 ರನ್ನಿನಲ್ಲಿದ್ದ ಮಿರಾಜ್ ಕೊನೆಗೆ ಔಟಾಗದೆ 38 ಹೊಡೆದರು, ಕೊನೆಯ ಜೋಡಿ 51 ರನ್ ಕೂಡಿಸಿತು, ಬಾಂಗ್ಲಾದೇಶ ಒಂದು ವಿಕೆಟ್ಟಿನಿಂದ ಗೆದ್ದಿತು.

ಆ ರಾತ್ರಿ ಕಳೆಯುವುದರೊಳಗೆ ಸೋಲಿಗೆ ಒಬ್ಬನೇ ವಾರಸುದಾರ ಎಂದು ತೀರ್ಮಾನವಾಗಿತ್ತು. ಬೆಂಗಳೂರಿನಿಂದ ನಮ್ಮ ಗುಳೇದಗುಡ್ಡದ ಚಹಾ ಅಂಗಡಿಯ ಬೆಂಚಿನವರೆಗೆ ಒಂದೇ ಮಾತು. ಮೊಬೈಲಿನಲ್ಲಿ ಹರಿದಾಡಿದ ಚಿತ್ರ, ನಗೆಹನಿ, ಬೈಗುಳಗಳ ಪ್ರಮಾಣ ನೋಡಿದರೆ ಆ ಪಂದ್ಯದಲ್ಲಿ ಬೇರೆ ಯಾರೂ ಆಡಿರಲೇ ಇಲ್ಲ ಅನ್ನಿಸಬೇಕು. ಕ್ಯಾಚಿನ ವಿಮರ್ಶೆ ಬೇಕಾದಷ್ಟಾಗಿದೆ. ಆ ಮಾತಿನ ವಿಮರ್ಶೆ ಆಗಿಲ್ಲ. ನಾಟಕಕ್ಕೆ, ಪಾರಿಜಾತಕ್ಕೆ, ಭಜನೆಗೆ ಗುಣದೋಷ ಹೇಳುವ ನಾವು, ಕ್ಯಾಚ್ ಬಿಟ್ಟಾಗ ನಮ್ಮ ಗಂಟಲಿನಿಂದ ಹೊರಡುವ ಕೂಗಿಗೂ ಗುಣದೋಷ ಹೇಳಬಹುದು. ಅದೂ ಒಂದು ಪ್ರದರ್ಶನವೇ. ಅದರಲ್ಲಿ ಚಲೋದಿದೆ, ಕೆಟ್ಟದ್ದಿದೆ, ಹೊಲಸೂ ಇದೆ.

ಮೊದಲು ಆ ಪಂದ್ಯದ ಲೆಕ್ಕವನ್ನೇ ಪೂರ್ತಿ ನೋಡೋಣ. ಭಾರತ ಹೊಡೆದದ್ದು 186. ಅದರಲ್ಲಿ ರಾಹುಲ್ ಒಬ್ಬರದೇ 70 ಎಸೆತಕ್ಕೆ 73. ಅವರ ನಂತರದ ದೊಡ್ಡ ಮೊತ್ತ ರೋಹಿತ್ ಶರ್ಮಾ ಅವರ 27. ಬಾಂಗ್ಲಾದೇಶದ ಶಕೀಬ್ ಐದು ವಿಕೆಟ್ ಕಿತ್ತಿದ್ದರು. ಅಂದರೆ ಸೋಲುವುದಕ್ಕಾದರೂ ಒಂದು ಪಂದ್ಯ ಉಳಿದಿದ್ದರೆ ಅದು ಈ ಮನುಷ್ಯನ ಬ್ಯಾಟಿನಿಂದ. ಅವರು ಹುಟ್ಟಾ ವಿಕೆಟ್ ಕೀಪರ್ ಅಲ್ಲ. 2020ರ ಜನವರಿಯಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ಎದುರು ರಿಷಭ್ ಪಂತ್ ಹೆಲ್ಮೆಟ್ಟಿಗೆ ಚೆಂಡು ಬಡಿದು ಹೊರಗೆ ಕೂತಾಗ ಗ್ಲೌಸು ಇವರ ಕೈಗೆ ಬಂತು, ಹಾಗೇ ಉಳಿಯಿತು. ಮೀರ್‌ಪುರದಲ್ಲೂ ಅಷ್ಟೇ: ಪಂತರನ್ನು ತಂಡದಿಂದ ಬಿಡುಗಡೆ ಮಾಡಿದ್ದರು, ಗ್ಲೌಸು ಇವರಿಗೆ ಹಾಕಿದ್ದರು. ರಾಹುಲ್ ಕ್ಯಾಚು ಬಿಟ್ಟ ಅದೇ ಓವರಿನಲ್ಲಿ ಥರ್ಡ್ ಮ್ಯಾನ್ ಕಡೆ ಇನ್ನೊಂದು ಚೆಂಡು ಮೇಲೆದ್ದಾಗ ವಾಷಿಂಗ್ಟನ್ ಸುಂದರ್ ಅದರತ್ತ ಓಡಲೇ ಇಲ್ಲ. ಮುಟ್ಟದೇ ಬಿಟ್ಟ ಕ್ಯಾಚಿನ ಬಗ್ಗೆ ಮಾತು ಕಡಿಮೆ, ಮುಟ್ಟಿ ಬಿಟ್ಟದ್ದರ ಬಗ್ಗೆ ಹೆಚ್ಚು. ಓಡಿ ಹೋಗಿ ಕೆಳಗೆ ನಿಂತವನೇ ಅಪರಾಧಿ, ನಿಂತಲ್ಲೇ ನಿಂತವ ಪಾರು. ಅಭಿಮಾನಿಯ ನ್ಯಾಯದ ಮೊದಲ ದೋಷ ಇದು. ಕಣ್ಣಿಗೆ ಕಂಡ ತಪ್ಪಿಗಷ್ಟೇ ಅಲ್ಲಿ ಶಿಕ್ಷೆ.

ಕೊನೆಯ ಒಂದು ವಿಕೆಟ್ ಕೀಳಲಾಗದೆ ಬೌಲರುಗಳು 51 ರನ್ ಬಿಟ್ಟರು. ಅದು ಹತ್ತಾರು ಎಸೆತಗಳಲ್ಲಿ ಹರಡಿಕೊಂಡ ಸೋಲು, ನೆನಪಿನಲ್ಲಿ ನಿಲ್ಲುವಂಥದ್ದಲ್ಲ. ಕ್ಯಾಚು ಒಂದೇ ಕ್ಷಣದ್ದು. ಟೀವಿಯವರು ಅದನ್ನು ನಿಧಾನವಾಗಿ, ನಾಲ್ಕು ದಿಕ್ಕಿನಿಂದ, ಮುಖ ಹತ್ತಿರಕ್ಕೆ ತಂದು ಮತ್ತೆ ಮತ್ತೆ ತೋರಿಸುತ್ತಾರೆ. ಹೀಗಾಗಿ ಒಂದು ಇಡೀ ಸಂಜೆಯ ಸೋಲು ಎರಡು ಅಂಗೈಗಳಿಗೆ ಬಂದು ಅಂಟಿಕೊಳ್ಳುತ್ತದೆ.

1999ರ ವಿಶ್ವಕಪ್ಪಿನಲ್ಲಿ ಹರ್ಷೆಲ್ ಗಿಬ್ಸ್‌ಗೆ ಆದದ್ದೂ ಇದೇ. ಹೆಡಿಂಗ್ಲೆಯಲ್ಲಿ ಸ್ಟೀವ್ ವಾ 56ರಲ್ಲಿದ್ದಾಗ ಸುಲಭದ ಕ್ಯಾಚು ಕೈಗೆ ಬಂತು. ಸಂಭ್ರಮಕ್ಕೆ ಮೇಲಕ್ಕೆ ಎಸೆಯುವ ಆತುರದಲ್ಲಿ ಗಿಬ್ಸ್ ಅದನ್ನು ಚೆಲ್ಲಿಬಿಟ್ಟರು. ವಾ ಔಟಾಗದೆ 120 ಹೊಡೆದರು. ‘ಮಗಾ, ನೀನು ಬಿಟ್ಟದ್ದು ವಿಶ್ವಕಪ್ಪನ್ನೇ’ ಎಂಬರ್ಥದ ಮಾತನ್ನು ವಾ ಅಲ್ಲೇ ಅಂದರು ಎಂಬ ಕಥೆ ಜಗತ್ತೆಲ್ಲ ಸುತ್ತಿತು. ತಾನು ಹಾಗೆ ಅನ್ನಲಿಲ್ಲ ಎಂದು ವಾ ಆಮೇಲೆ ಹೇಳಿದರೂ ಕಥೆ ನಿಲ್ಲಲಿಲ್ಲ, ಏಕೆಂದರೆ ಜನಕ್ಕೆ ಆ ಮಾತು ಬೇಕಾಗಿತ್ತು. ಅದೇ ಪಂದ್ಯದಲ್ಲಿ ಗಿಬ್ಸ್ ಶತಕ ಹೊಡೆದಿದ್ದರು ಎಂಬುದು ಎಷ್ಟು ಮಂದಿಗೆ ನೆನಪಿದೆ? ನಾಲ್ಕು ದಿನ ಬಿಟ್ಟು ಎಜ್‌ಬಾಸ್ಟನ್ನಿನ ಸೆಮಿಫೈನಲ್ಲಿನಲ್ಲಿ ಲ್ಯಾನ್ಸ್ ಕ್ಲೂಸ್ನರ್, ಅಲನ್ ಡೊನಾಲ್ಡ್ ನಡುವಿನ ರನ್ನೋಟದ ಗೊಂದಲದಲ್ಲಿ ದಕ್ಷಿಣ ಆಫ್ರಿಕಾ ಹೊರಬಿತ್ತು. ಆ ಪಾಪವೂ ಅರ್ಧ ಗಿಬ್ಸ್ ತಲೆಗೇ ಬಂತು.

ಈಗ ನಮ್ಮೂರಿಗೆ ಬರುತ್ತೇನೆ. ಗುಳೇದಗುಡ್ಡ ಖಣದ ಊರು. ಇಳಕಲ್ಲಿನ ಸೀರೆಗೆ ಇಲ್ಲಿನ ಖಣದ ಕುಪ್ಪಸ ಜೋಡಿ ಎಂಬುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಇಲ್ಲಿ ಕೈಯಿಂದ ಬದುಕುವವರು ಬಹಳ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಕೈಗೆ ದಿನಕ್ಕೆ ಎಷ್ಟು ಸಲ ಎಳೆ ಹರಿಯುತ್ತದೋ ಲೆಕ್ಕವಿಲ್ಲ. ಹರಿದ ಎಳೆಯನ್ನು ಬೆರಳ ತುದಿಯಿಂದ ಗಂಟು ಹಾಕಿ ಲಾಳಿ ಮುಂದಕ್ಕೆ ಬಿಡುತ್ತಾನೆ. ಸಾವುಕಾರ ಅರಿವೆ ಬಿಚ್ಚಿ ಬೆಳಕಿಗೆ ಹಿಡಿದು ದೋಷ ನೋಡುತ್ತಾನೆ, ಮಜೂರಿಯಲ್ಲಿ ಹಿಡಿಯುವುದನ್ನು ಹಿಡಿಯುತ್ತಾನೆ. ಆದರೆ ಒಂದು ಎಳೆ ತಪ್ಪಿತೆಂದು ನೇಕಾರನ ಹುಟ್ಟನ್ನು ಎತ್ತಿ ಆಡುವ ಸಾವುಕಾರನಿಗೆ ಮರುದಿನ ಮಗ್ಗದವರು ಸಿಗುವುದಿಲ್ಲ. ಕೈಕೆಲಸ ಎಂದರೆ ತಪ್ಪುವುದೂ ಅದರ ಭಾಗ ಎಂಬ ತಿಳಿವಳಿಕೆ ಇಂಥ ಊರಿಗೆ ಬೇರೆ ಊರಿಗಿಂತ ಜಾಸ್ತಿ ಇರಬೇಕು. ಇದೆಯೇ?

ಅರ್ಧ ಇದೆ. ಬೇಸಿಗೆ ರಜೆಗೆ, ಹಬ್ಬಕ್ಕೆ, ಜಾತ್ರೆಗೆ ಇಲ್ಲಿಯೂ ಕಮತಗಿ, ಹುನಗುಂದ, ಬಾದಾಮಿ ಕಡೆಗೂ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುತ್ತವೆ. ಈ ನೆಲದಲ್ಲಿ ಹುಲ್ಲಿಲ್ಲ. ಕೆಂಪು ಮಣ್ಣು, ನಡುವೆ ಗರಸು, ಅಲ್ಲಲ್ಲಿ ತಲೆ ಎತ್ತಿದ ಕಲ್ಲು. ಬಿದ್ದು ಹಿಡಿಯಲು ಹೋದವನ ಮೊಣಕೈ ಉಳಿಯುವುದಿಲ್ಲ. ಟೆನಿಸ್ ಚೆಂಡು ಹಗುರ. ಮೇಲೆ ಹೋದಾಗ ಗಾಳಿ ಅದನ್ನು ಎಳೆದಾಡುತ್ತದೆ, ಕೆಳಗೆ ಬಂದಾಗ ಅಂಗೈಯಿಂದ ಪುಟಿಯುತ್ತದೆ. ಕೈಯನ್ನು ಗಟ್ಟಿ ಚಾಚಿದರೆ ಹಾರಿಹೋಯಿತು. ಚೆಂಡಿನ ಜೊತೆ ಕೈಯನ್ನು ಎದೆಯ ಕಡೆ ಹಿಂದಕ್ಕೆ ಕೊಡಬೇಕು. ಸಂಜೆ ನಾಲ್ಕರ ಮೇಲೆ ಪಡುವಣದ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಲೆದರ್ ಚೆಂಡು ಬಡಿದರೆ ನೋವು ಹೆಚ್ಚು ನಿಜ, ಹಿಡಿಯುವ ಕಷ್ಟ ಟೆನಿಸ್ ಚೆಂಡಿಗೇ ಜಾಸ್ತಿ ಎಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಒಮ್ಮೆ ಲಾಂಗ್ ಆನ್‌ನಲ್ಲಿ ನಿಂತು ನೋಡಲಿ.

ಅಲ್ಲಿ ಕ್ಯಾಚ್ ಬಿಟ್ಟವನಿಗೆ ಬೀಳುವ ಮಾತು ಹೀಗಿರುತ್ತದೆ. ‘ಲೇ, ಅವು ಕೈ ಏನೋ, ಸಾಣಿಗಿ ಏನೋ?’ ‘ರೊಟ್ಟಿ ತುತ್ತು ಮಾತ್ರ ಒಂದೂ ತಪ್ಪಂಗಿಲ್ಲ ನೋಡ್ ಇವಂಗ.’ ‘ಏ ತಮ್ಮಾ, ಬಾಲ್ ಮ್ಯಾಲಿಂದ ಬರ್ತೈತಿ, ನೀ ಭೂಮಿ ಯಾಕ ನೋಡಾಕತ್ತಿ?’ ಇದರಲ್ಲಿ ಕಸುಬಿದೆ. ಮಾತು ತಪ್ಪನ್ನೇ ಹಿಡಿದುಕೊಂಡಿದೆ, ಮನುಷ್ಯನನ್ನು ಬಿಟ್ಟಿದೆ. ಮೂರನೆಯದಂತೂ ನಿಜವಾದ ಸಲಹೆ. ಆ ಹುಡುಗ ಕೊನೆಯ ಗಳಿಗೆಯಲ್ಲಿ ಚೆಂಡಿನಿಂದ ಕಣ್ಣು ತೆಗೆದಿದ್ದನ್ನು ಕೂಗಿದವನು ದೂರದಿಂದಲೇ ಕಂಡಿದ್ದ. ಎರಡು ಓವರಿನ ನಂತರ ಅದೇ ಹುಡುಗ ಒಂದು ಹಿಡಿದರೆ ಅದೇ ಬಾಯಿ ‘ಭೇಷ್ ಮಗನ!’ ಅನ್ನುತ್ತದೆ, ಸಾಣಿಗಿಯ ಮಾತು ಅಲ್ಲಿಗೆ ಮುಗಿಯುತ್ತದೆ. ಒಂದು ಕೂಗಿನ ಆಯುಷ್ಯ ಎರಡು ಓವರು. ಅಷ್ಟೇ ಇರಬೇಕು.

ಈ ಪ್ರೇಕ್ಷಕ ಎಲ್ಲಿ ತಯಾರಾದವನು? ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಮುಂದೆ ಎಂದು ನನ್ನ ಊಹೆ. ಬಾದಾಮಿಯ ಪಕ್ಕದ ಆ ಜಾತ್ರೆಗೆ ಪ್ರತಿ ವರ್ಷ ಕಂಪನಿಗಳು ಬಂದು ಟೆಂಟು ಹೊಡೆಯುತ್ತವೆ. ನಮ್ಮ ಭಾಗದ ಮಂದಿ ರಾತ್ರಿಯಿಡೀ ಕೂತು ನೋಡುತ್ತಾರೆ. ನಟ ಮಾತು ಮರೆತರೆ ಹಿಂದಿನ ಸಾಲಿನಿಂದ ಚಾಟಿ ಬೀಳುತ್ತದೆ. ಆದರೆ ನೋಡುತ್ತಿರುವುದು ಆ ಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು. ಚಾಟಿ ಮಾತಿಗೆ ಪಾತ್ರದೊಳಗಿಂದಲೇ ಉತ್ತರ ಕೊಟ್ಟು ಕಥೆಗೆ ಮರಳಿದನೋ, ಹಾಡಿಗೆ ಬಿದ್ದಷ್ಟೇ ಚಪ್ಪಾಳೆ ಅದಕ್ಕೂ ಬೀಳುತ್ತದೆ. ತಪ್ಪನ್ನು ನೋಡುವುದು ಅರ್ಧ, ತಪ್ಪಿದವನು ಸಾವರಿಸಿಕೊಳ್ಳುವುದನ್ನು ನೋಡುವುದು ಇನ್ನರ್ಧ ಎಂದು ತಿಳಿದ ಪ್ರೇಕ್ಷಕ ಅವನು. ಮೈದಾನಕ್ಕೆ ಬಂದಾಗಲೂ ಅದೇ ಕಣ್ಣು ಇರುತ್ತದೆ.

ಇದನ್ನು ಹೊಗಳಿ ಸುಮ್ಮನಾದರೆ ವಿಮರ್ಶೆ ಆಗುವುದಿಲ್ಲ. ಮೈದಾನದ ಬಾಯಿಯೂ ಸಮನಾಗಿ ಹಂಚುವುದಿಲ್ಲ. ಟೂರ್ನಮೆಂಟಿಗೆ ರೊಕ್ಕ ಕೊಟ್ಟವರ ಮಗ ಕ್ಯಾಚ್ ಬಿಟ್ಟರೆ ‘ಬಿಸಿಲಾಗ ಕಾಣಲಿಲ್ಲ ಬಿಡ್ರಿ’. ಹನ್ನೊಂದನೆಯವನಾಗಿ ಸೇರಿಸಿಕೊಂಡ ಬಡವರ ಹುಡುಗ ಬಿಟ್ಟರೆ ಸಾಣಿಗಿ, ರೊಟ್ಟಿ ಎಲ್ಲ. ಹೊಸಬನನ್ನು ಚೆಂಡು ಹೆಚ್ಚು ಬರದ ಕಡೆ ಅಡಗಿಸಿ ನಿಲ್ಲಿಸುತ್ತಾರೆ; ಅವನಿಗೆ ರೂಢಿಯೇ ಇರುವುದಿಲ್ಲ, ಯಾವಾಗಲೋ ಒಂದು ಬಂದಾಗ ತಪ್ಪುತ್ತದೆ, ತಪ್ಪಿದ್ದಕ್ಕೆ ಇನ್ನೂ ದೂರ ಕಳಿಸುತ್ತಾರೆ. ಇನ್ನು ಮೈಕು ಹಿಡಿದವನದೇ ಬೇರೆ ಪ್ರಕರಣ. ಬೌಂಡರಿಯಾಚೆ ಕೂತ ಹತ್ತು ಮಂದಿಯ ಕೂಗು ಗಾಳಿಗೆ ಹೋಗುತ್ತದೆ. ಮೈಕಿನ ಕೂಗು ಊರಿನ ಓಣಿಗೆಲ್ಲ ಕೇಳುತ್ತದೆ, ಹುಡುಗನ ಅವ್ವನಿಗೂ ಕೇಳುತ್ತದೆ. ‘ಮತ್ತೊಮ್ಮೆ ನಮ್ಮ ಇಂಥವರು ಸುಲಭದ ಕ್ಯಾಚನ್ನು ನೆಲಕ್ಕೆ ಅರ್ಪಿಸಿದ್ದಾರೆ’ ಎಂದು ಹೆಸರು ಹಿಡಿದು ಐದು ಸಲ ಹೇಳುವ ಕಾಮೆಂಟರಿಗೆ ಜನ ನಗುತ್ತಾರೆ. ಆ ನಗುವಿನಲ್ಲಿ ಕಸುಬಿಲ್ಲ. ಕೆಳಗೆ ಬಿದ್ದವನ ಮೇಲೆ ಎತ್ತರದಿಂದ ಬೀಳುವ ದನಿ ಅದು.

ಬೆಟ್ಟಿಂಗಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಐಪಿಎಲ್ ಬಂತೆಂದರೆ ಜಿಲ್ಲೆ ಜಿಲ್ಲೆಯಲ್ಲೂ ಪೊಲೀಸರು ಬೆಟ್ಟಿಂಗ್ ಕೇಸು ಹಾಕುತ್ತಾರೆ. ನಮ್ಮ ಜಿಲ್ಲೆ ಅದಕ್ಕೆ ಹೊರತಲ್ಲ. ರೊಕ್ಕ ಹಚ್ಚಿದವನ ಸಿಟ್ಟನ್ನು ಅಭಿಮಾನಿಯ ಸಿಟ್ಟು ಎಂದು ಕರೆಯಬಾರದು. ಅವನಿಗೆ ಕ್ಯಾಚ್ ಬಿಟ್ಟವನು ಆಟಗಾರನಲ್ಲ, ತನ್ನ ಜೇಬಿಗೆ ಕೈ ಹಾಕಿದವ. ಇಂದು ಆಟಗಾರರ ಮೇಲೆ ಹರಿಯುವ ಅತಿ ಕೊಳಕು ಮಾತಿನ ಒಂದು ಪಾಲು ಈ ಮೂಲದ್ದು. ಅದನ್ನು ಕ್ರೀಡಾ ಪ್ರೀತಿಯ ಲೆಕ್ಕಕ್ಕೆ ಬರೆಯುವುದು ಪ್ರೀತಿಗೆ ಮಾಡುವ ಅವಮಾನ.

ಮೈದಾನದ ಬಾಯಿಗೆ ಒಂದು ಲಗಾಮು ಇದೆ. ಬೈದವನೂ ಬೈಸಿಕೊಂಡವನೂ ಮರುದಿನ ಬೆಳಿಗ್ಗೆ ಅದೇ ಅಂಗಡಿಯಲ್ಲಿ ಚಹಾ ಕುಡಿಯಬೇಕು. ಮೊಬೈಲಿಗೆ ಆ ಲಗಾಮು ಇಲ್ಲ. 2022ರ ಸೆಪ್ಟೆಂಬರ್ 4ರಂದು ದುಬೈಯಲ್ಲಿ ಪಾಕಿಸ್ತಾನದೆದುರು ರವಿ ಬಿಷ್ಣೋಯಿ ಎಸೆದ 18ನೇ ಓವರಿನಲ್ಲಿ ಆಸಿಫ್ ಅಲಿ ಇನ್ನೂ ರನ್ನಿನ ಖಾತೆ ತೆರೆದಿರಲಿಲ್ಲ. ಅರ್ಷದೀಪ್ ಸಿಂಗ್ ಕೈಗೆ ಬಂದ ಕ್ಯಾಚು ಸುಲಭದ್ದೇ, ಬಿಟ್ಟರು. 19ನೇ ಓವರಿನಲ್ಲಿ ಅನುಭವಿ ಭುವನೇಶ್ವರ್ ಕುಮಾರ್ 19 ರನ್ ಕೊಟ್ಟರು. ಕೊನೆಯ ಓವರಿಗೆ ಉಳಿದದ್ದು ಏಳೇ ರನ್. ಅದನ್ನು ಎಸೆಯಲು ಬಂದವರು ಅದೇ ಅರ್ಷದೀಪ್. ಆಗ ಅವರ ವಯಸ್ಸು 23. ಆಸಿಫ್ ಅಲಿಯನ್ನು ಅವರೇ ಔಟ್ ಮಾಡಿ, ಏಳು ರನ್ನನ್ನು ಐದನೇ ಎಸೆತದವರೆಗೆ ಎಳೆದರು. ಕ್ಯಾಚ್ ಬಿಟ್ಟ ಹತ್ತು ನಿಮಿಷದಲ್ಲಿ ಹೀಗೆ ಚೆಂಡು ಹಾಕುವುದು ದೊಡ್ಡ ಎದೆಯ ಕೆಲಸ. ಬನಶಂಕರಿಯ ಪ್ರೇಕ್ಷಕನಾಗಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದ.

ಬಂದದ್ದು ಬೇರೆ. ಅವರ ಪೇಟ ನೋಡಿ ‘ಖಾಲಿಸ್ತಾನಿ’ ಎಂದರು. ವಿಕಿಪೀಡಿಯದ ಅವರ ಪುಟದಲ್ಲೇ ಆ ಶಬ್ದವನ್ನು ಯಾರೋ ಸೇರಿಸಿದರು. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ವಿಕಿಪೀಡಿಯದವರಿಂದ ವಿವರಣೆ ಕೇಳುವ ತನಕ ಹೋಯಿತು. ಆಗ ಆ ಖಾತೆಯ ರಾಜ್ಯ ಸಚಿವರಾಗಿದ್ದವರು ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್. ಒಂದು ವರ್ಷ ಮೊದಲು, 2021ರ ನವೆಂಬರಿನಲ್ಲಿ, ಇದೇ ದುಬೈಯಲ್ಲಿ ಪಾಕಿಸ್ತಾನದ ಹಸನ್ ಅಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ವೇಡ್ ಅವರ ಕ್ಯಾಚು ಬಿಟ್ಟಿದ್ದರು. ವೇಡ್ ಮುಂದಿನ ಮೂರು ಎಸೆತಗಳನ್ನು ಸಿಕ್ಸರ್ ಎತ್ತಿ ವಿಶ್ವಕಪ್ ಸೆಮಿಫೈನಲ್ ಮುಗಿಸಿದರು. ಹಸನ್ ಅಲಿ ಶಿಯಾ ಎಂಬುದೂ ಅವರ ಹೆಂಡತಿ ಭಾರತದವರು ಎಂಬುದೂ ಆ ರಾತ್ರಿ ಅಪರಾಧವಾಯಿತು. ಗಡಿಯ ಈಚೆ ಪೇಟ, ಆಚೆ ಪಂಗಡ. ಎರಡೂ ಕಡೆ ಬೈದವರನ್ನು ಒಂದೇ ಕೋಣೆಯಲ್ಲಿ ಕೂಡಿಸಿದ್ದರೆ ಅವರಿಗೆ ಮಾತು ಬಹಳ ಹೊಂದಿಕೆಯಾಗುತ್ತಿತ್ತು. ಇಂಥದ್ದನ್ನು ಅಭಿಮಾನಿಯ ಪ್ರತಿಕ್ರಿಯೆ ಎಂದು ವಿಮರ್ಶೆಗೆ ತೆಗೆದುಕೊಳ್ಳುವುದೇ ತಪ್ಪು. ಮೊದಲೇ ಇದ್ದ ದ್ವೇಷಕ್ಕೆ ಆ ದಿನ ಒಂದು ಕ್ಯಾಚು ನೆಪವಾಯಿತು.

ಇದಕ್ಕಿಂತ ಸೂಕ್ಷ್ಮವಾದ ಪಕ್ಷಪಾತ ನಮ್ಮಲ್ಲಿ ಎಲ್ಲರಿಗೂ ಇದೆ. 2025ರ ಫೆಬ್ರವರಿ 20ರ ಚಾಂಪಿಯನ್ಸ್ ಟ್ರೋಫಿ ಪಂದ್ಯ ತೆಗೆದುಕೊಳ್ಳಿ. ಬಾಂಗ್ಲಾದೇಶ 35ಕ್ಕೆ 5. ಅಕ್ಷರ್ ಪಟೇಲ್ ಸತತ ಎರಡು ವಿಕೆಟ್ ತೆಗೆದು ಹ್ಯಾಟ್ರಿಕ್ಕಿಗೆ ಎಸೆದರು. ಜಾಕೀರ್ ಅಲಿ ಬ್ಯಾಟಿಗೆ ತಾಗಿದ ಚೆಂಡು ಸ್ಲಿಪ್ಪಿನಲ್ಲಿ ನಿಂತ ನಾಯಕ ರೋಹಿತ್ ಶರ್ಮಾ ಕೈಗೆ ನೇರ ಬಂತು, ಬಿತ್ತು. ರೋಹಿತ್ ನೆಲ ಬಡಿದರು, ಅಕ್ಷರ್ ಕಡೆ ಕೈ ಜೋಡಿಸಿದರು. ಆ ಜೋಡಿ ಆಮೇಲೆ 154 ರನ್ ಹೊಡೆಯಿತು, ಮೀರ್‌ಪುರದ ಕೊನೆಯ ಜೋಡಿಯ ಮೂರು ಪಟ್ಟು. ಆದರೂ ನಾವೆಲ್ಲ ನಕ್ಕೆವು. ಏಕೆಂದರೆ ಭಾರತ ಗೆದ್ದಿತು, ಬಿಟ್ಟವನು ರೋಹಿತ್, ಪಶ್ಚಾತ್ತಾಪವನ್ನು ಕಾಣುವಂತೆ ತೋರಿಸಿದ. ಆಗ ನಮ್ಮ ಬಾಯಿಂದ ಬಂದ ನಗೆಯೇ ಸರಿಯಾದ ಪ್ರತಿಕ್ರಿಯೆ ಎಂದು ನಾನು ಹೇಳುತ್ತೇನೆ. ಅದು ರೋಹಿತ್‌ಗೆ ಮಾತ್ರ ಏಕೆ ಸಿಗಬೇಕು ಎಂಬುದಷ್ಟೇ ತಕರಾರು.

ಕಾಣುವಂತೆ ತೋರಿಸಬೇಕು ಎಂಬ ಈ ನಿರೀಕ್ಷೆ ವಿಚಿತ್ರವಾದದ್ದು. 2025ರ ಜೂನಿನಲ್ಲಿ ಲೀಡ್ಸ್ ಟೆಸ್ಟಿನಲ್ಲಿ ಯಶಸ್ವಿ ಜೈಸ್ವಾಲ್ ನಾಲ್ಕು ಕ್ಯಾಚು ಬಿಟ್ಟರು. ಎರಡನೇ ಇನಿಂಗ್ಸಿನಲ್ಲಿ 97ರಲ್ಲಿ ಬಚಾವಾದ ಬೆನ್ ಡಕೆಟ್ 149 ಹೊಡೆದರು, ಇಂಗ್ಲೆಂಡ್ 371ರ ಗುರಿ ಮುಟ್ಟಿತು. ನಾಲ್ಕು ಎಂಬುದು ಸಣ್ಣ ಮಾತಲ್ಲ, ಟೀಕಿಸಲೇಬೇಕು: ಗಲ್ಲಿಯಲ್ಲಿ ನಿಲ್ಲುವವನ ಕೈ ಎಲ್ಲಿರಬೇಕು, ಇಂಗ್ಲೆಂಡಿನ ಚಳಿಗೆ ಬೆರಳು ಹೇಗೆ ಸೆಡೆಯುತ್ತದೆ, ಅಲ್ಲಿ ಬಳಸುವ ಡ್ಯೂಕ್ಸ್ ಚೆಂಡು ಬ್ಯಾಟ್ ದಾಟಿದ ಮೇಲೂ ಹೇಗೆ ಓಲಾಡುತ್ತದೆ ಎಂದು ಮಾತಾಡಬಹುದಿತ್ತು. ಮಾತಾಡಿದ್ದು ಬೌಂಡರಿ ಬಳಿ ಇಂಗ್ಲೆಂಡಿನ ಪ್ರೇಕ್ಷಕರ ಎದುರು ಆ ಹುಡುಗ ನಾಲ್ಕು ಹೆಜ್ಜೆ ಕುಣಿದದ್ದರ ಬಗ್ಗೆ. ಕ್ಯಾಚು ಬಿಟ್ಟವನು ಕುಣಿಯಬಾರದಂತೆ. ಸಾವಿನ ಮನೆಯ ಮುಖ ಹಾಕಿಕೊಂಡು ನಿಲ್ಲಬೇಕಂತೆ. ಆ ಎಸೆತಗಳಲ್ಲಿ ಹೆಚ್ಚು ಕಳಕೊಂಡದ್ದು ಜಸ್‌ಪ್ರೀತ್ ಬುಮ್ರಾ. ಬೇಕೆಂದು ಯಾರೂ ಬಿಡುವುದಿಲ್ಲ, ಹುಡುಗರು ಕಲಿಯುತ್ತಾರೆ ಎಂದು ಅವರು ಪತ್ರಕರ್ತರೆದುರು ಮಾತು ಮುಗಿಸಿದರು. ಕಳಕೊಂಡವನೇ ಬಿಟ್ಟುಕೊಟ್ಟ ಮೇಲೆ ಸೋಫಾದ ಮೇಲೆ ಕೂತವನಿಗೆ ಉಳಿಯುವ ಹಕ್ಕು ಎಷ್ಟು?

ನಮ್ಮ ಪರವಾಗಿ ಬಿದ್ದ ಕ್ಯಾಚುಗಳ ಮಾತು ಬಂದಾಗ ನಾವು ಎಷ್ಟು ಉದಾರಿಗಳು! 2023ರ ಅಕ್ಟೋಬರ್ 8, ಚೆನ್ನೈ, ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯ. ಆಸ್ಟ್ರೇಲಿಯಾದ 199ಕ್ಕೆ ಉತ್ತರವಾಗಿ ಭಾರತ 2 ರನ್ನಿಗೆ 3 ವಿಕೆಟ್. 12ರಲ್ಲಿದ್ದ ವಿರಾಟ್ ಕೊಹ್ಲಿ ಮೇಲಕ್ಕೆ ಎತ್ತಿದ ಚೆಂಡನ್ನು ಮಿಚೆಲ್ ಮಾರ್ಷ್ ಬಿಟ್ಟರು. ಕೊಹ್ಲಿ 85, ರಾಹುಲ್ ಔಟಾಗದೆ 97, ಜೊತೆಯಾಟ 165. ಮೀರ್‌ಪುರದ ಖಳನಾಯಕ ಚೆನ್ನೈಯಲ್ಲಿ ನಾಯಕನಾದದ್ದರ ಹಿಂದೆ ಇನ್ನೊಬ್ಬನ ಜಾರಿದ ಕೈ ಇತ್ತು. 2025ರ ಅಕ್ಟೋಬರ್ 30ರ ಮಹಿಳಾ ವಿಶ್ವಕಪ್ ಸೆಮಿಫೈನಲ್ಲಿನಲ್ಲೂ ಹಾಗೇ: 82ರಲ್ಲಿ ಜೆಮಿಮಾ ರಾಡ್ರಿಗಸ್ ಕೊಟ್ಟ ಕ್ಯಾಚನ್ನು ಅಲಿಸಾ ಹೀಲಿ ಬಿಟ್ಟರು, ಜೆಮಿಮಾ ಔಟಾಗದೆ 127 ಹೊಡೆದು 339ರ ಗುರಿ ಮುಟ್ಟಿಸಿದರು. ಇಂಥವನ್ನು ನಾವು ದೈವ ಅನ್ನುತ್ತೇವೆ. ನಮ್ಮವರು ಬಿಟ್ಟರೆ ಅದು ಗುಣದೋಷ, ಅವರು ಬಿಟ್ಟರೆ ಅದು ಬನಶಂಕರಿಯ ಕೃಪೆ.

ಟೀಕೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಟಿಕೆಟ್ ಕೊಂಡವನಿಗೂ ರಾತ್ರಿ ನಿದ್ದೆಗೆಟ್ಟವನಿಗೂ ಮಾತಾಡುವ ಹಕ್ಕಿದೆ. 2023ರ ಫೆಬ್ರವರಿಯಲ್ಲಿ ಮಾಜಿ ಆಟಗಾರ ವೆಂಕಟೇಶ್ ಪ್ರಸಾದ್ ತಮ್ಮದೇ ರಾಜ್ಯದ ರಾಹುಲ್ ಮೇಲೆ ಸಾಲು ಸಾಲಾಗಿ ಟ್ವೀಟು ಮಾಡಿದರು. ಎಂಟು ವರ್ಷ, 46 ಟೆಸ್ಟು ಆದಮೇಲೂ ಸರಾಸರಿ 34 ಎಂದರೆ ಸಾಧಾರಣ ಎಂಬುದು ಅವರ ವಾದದ ತಿರುಳು. ಅಂಕಿ ಇಟ್ಟು ಹೇಳಿದ ಮಾತು, ತಿರುಗಿ ಉತ್ತರ ಕೊಡಲು ಬರುವಂಥದ್ದು. ಇನ್ನೊಬ್ಬ ಮಾಜಿ ಆಟಗಾರ ಆಕಾಶ್ ಚೋಪ್ರಾ ವಿದೇಶದ ಅಂಕಿ ಇಟ್ಟು ಉತ್ತರ ಕೊಟ್ಟರು. ಆದರೆ ಪ್ರಸಾದ್ ಅಲ್ಲಿಗೆ ನಿಲ್ಲದೆ ಆಯ್ಕೆಯಲ್ಲಿ ಪಕ್ಷಪಾತ ನಡೆದಿದೆ ಎಂದದ್ದು ಅಂಕಿಯಿಂದ ಆಚೆ ಜಿಗಿದ ಮಾತು. ಅದನ್ನೇ ಹಿಡಿದುಕೊಂಡು ಸಾವಿರ ಮಂದಿ ಹೊಲಸು ಆಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸೆಂಚೂರಿಯನ್ನಿನ ಕಷ್ಟದ ಪಿಚ್ಚಿನಲ್ಲಿ ರಾಹುಲ್ 101 ಹೊಡೆದರು. ಪ್ರಸಾದರ ಅಂಕಿ ಆಗಲೂ ಸುಳ್ಳಾಗಲಿಲ್ಲ, ಪಕ್ಷಪಾತದ ಮಾತು ಮಾತ್ರ ಸಣ್ಣದಾಗಿ ಕಂಡಿತು.

ಇದರ ಎದುರು ತುದಿಯಲ್ಲಿ ‘ನಮ್ಮ ಹುಡುಗ, ಏನೂ ಅನ್ನಬ್ಯಾಡ್ರಿ’ ಎಂಬ ಗುಂಪಿದೆ. ಕನ್ನಡಿಗ ಎಂಬ ಕಾರಣಕ್ಕೆ ಬಿಟ್ಟ ಕ್ಯಾಚನ್ನೂ ಬಿಟ್ಟಿಲ್ಲ ಎನ್ನುವವರು. ಈ ಪ್ರೀತಿ ಗಟ್ಟಿಯೇ? 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಅದರ ಪರೀಕ್ಷೆ ಆಯಿತು. ರಾಹುಲ್ ಡೆಲ್ಲಿಯ ಅಂಗಿ ತೊಟ್ಟು ಬಂದಿದ್ದರು. ಆರಂಭದಲ್ಲೇ ಅವರ ಕ್ಯಾಚನ್ನು ಆರ್‌ಸಿಬಿ ನಾಯಕ ರಜತ್ ಪಾಟೀದಾರ್ ಕೈಬಿಟ್ಟರು. ರಾಹುಲ್ 53 ಎಸೆತಕ್ಕೆ ಔಟಾಗದೆ 93 ಹೊಡೆದು, ಪಿಚ್ಚಿನ ಪಕ್ಕ ಬ್ಯಾಟಿನಿಂದ ವೃತ್ತ ಎಳೆದು, ಇದು ನನ್ನ ನೆಲ ಎಂದು ಬಡಿದು ತೋರಿಸಿದರು. ನಮ್ಮ ಹುಡುಗನೋ, ನಮ್ಮ ತಂಡವೋ? ಗುಳೇದಗುಡ್ಡದಲ್ಲೂ ಆ ರಾತ್ರಿ ಮಂದಿ ಎರಡು ಹೋಳಾಗಿದ್ದರು. ಪಾಟೀದಾರರ ಕೈಗೆ ಆಗ ಬಿದ್ದ ಮಾತು ಕಡಿಮೆಯಲ್ಲ. ಜೂನ್ 3ರಂದು ಅದೇ ನಾಯಕ ಆರ್‌ಸಿಬಿಗೆ ಮೊದಲ ಐಪಿಎಲ್ ಕಪ್ಪು ತಂದ ಮೇಲೆ ಆ ಕ್ಯಾಚು ಯಾರ ನೆನಪಿನಲ್ಲೂ ಉಳಿದಿಲ್ಲ.

ಬಿಟ್ಟ ಚೆಂಡನ್ನು ಮರೆಯದೆ ಎಣಿಸಿಡುವ ಚಾಳಿ ಅಮೆರಿಕದಲ್ಲಿ ಇನ್ನೊಂದು ಮಜಲು ಹತ್ತಿದೆ. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡು ಕೈಯಲ್ಲೇ ಹೋಗುವುದು. ದೂರದಿಂದ ಎಸೆದದ್ದನ್ನು ಓಡುತ್ತ ಹಿಡಿಯುವವನಿಗೆ ರಿಸೀವರ್ ಎನ್ನುತ್ತಾರೆ. ಕಾಲೇಜು ಹುಡುಗರ ಆ ಆಟಕ್ಕೆ ಸೇರುವ ಜನ ನಮ್ಮ ಊಹೆಗೆ ಮೀರಿದ್ದು. ಮಿಶಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಕೂರಲು ಒಂದು ಲಕ್ಷದ ಏಳು ಸಾವಿರಕ್ಕೂ ಹೆಚ್ಚು ಜಾಗವಿದೆ. ಇಪ್ಪತ್ತರ ವಿದ್ಯಾರ್ಥಿಯೊಬ್ಬ ಅಷ್ಟು ಜನರೆದುರು ಚೆಂಡು ಬಿಡುತ್ತಾನೆ. ಯಾರು ಎಷ್ಟು ಬಿಟ್ಟ ಎಂದು ವಿಶ್ಲೇಷಕರು ವಾರವಾರವೂ ಲೆಕ್ಕ ಇಡುತ್ತಾರೆ. ವೃತ್ತಿಪರ ಆಟದಲ್ಲಂತೂ ಜಾಕಿ ಸ್ಮಿತ್ ಎಂಬವರ ಕಥೆಯಿದೆ. ಹದಿನೈದು ವರ್ಷ ಸೇಂಟ್ ಲೂಯಿಸ್ ತಂಡದಲ್ಲಿ ಅದ್ಭುತವಾಗಿ ಆಡಿ, ನಿವೃತ್ತಿಯ ಅಂಚಿನಲ್ಲಿ ಡಲ್ಲಾಸ್ ಸೇರಿ, 1979ರ ಜನವರಿಯ ಸೂಪರ್ ಬೌಲ್ ಫೈನಲ್ಲಿನಲ್ಲಿ ಬರಿದಾದ ಜಾಗದಲ್ಲಿ ಕೈಗೆ ಬಂದ ಚೆಂಡನ್ನು ಬಿಟ್ಟರು. ಡಲ್ಲಾಸ್ 35-31ರಿಂದ ಸೋತಿತು. 1994ರಲ್ಲಿ ಅಲ್ಲಿನ ಹಾಲ್ ಆಫ್ ಫೇಮಿಗೆ ಅವರನ್ನು ಸೇರಿಸಿಕೊಂಡರು. ಆದರೂ ಇಂದಿಗೂ ಅವರ ಹೆಸರು ಹೇಳಿದರೆ ಜನಕ್ಕೆ ಕಾಣುವುದು ಆ ಒಂದು ಚೆಂಡು. ನಮ್ಮ ಸ್ಕೋರ್ ಕಾರ್ಡಿನಲ್ಲಿ ಬಿಟ್ಟ ಕ್ಯಾಚಿಗೆ ಕಾಲಮ್ಮೇ ಇಲ್ಲ ಎಂಬುದು ನನಗೆ ಸಮಾಧಾನದ ಸಂಗತಿ. ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ ಹಿಡಿದದ್ದು 210 ಎಂದು ಕಾರ್ಡು ಹೇಳುತ್ತದೆ. ಆ ದಾಖಲೆ 2025ರ ಜುಲೈಯಲ್ಲಿ ಜೋ ರೂಟ್ ಮುರಿಯುವತನಕ ನಿಂತಿತ್ತು. ದ್ರಾವಿಡ್ ಕೈಯಿಂದಲೂ ಜಾರಿದವು ಇವೆ. ಅವನ್ನು ಎಣಿಸಿಟ್ಟುಕೊಂಡು ಕೂತ ಕನ್ನಡಿಗನನ್ನು ನಾನಂತೂ ಕಂಡಿಲ್ಲ.

ಅರ್ಷದೀಪ್ ವಿಷಯಕ್ಕೆ ಒಂದು ಮಾತು ಬಾಕಿ ಇದೆ. 2024ರ ಟಿ20 ವಿಶ್ವಕಪ್ಪಿನಲ್ಲಿ ಅವರು 17 ವಿಕೆಟ್ ತೆಗೆದರು, ಆ ಟೂರ್ನಿಯ ಗರಿಷ್ಠಕ್ಕೆ ಸಮ. ಕಪ್ಪು ಭಾರತಕ್ಕೆ ಬಂತು. ದುಬೈ ರಾತ್ರಿ ಅವರನ್ನು ದೇಶದ್ರೋಹಿ ಎಂದವರೂ ಆ ದಿನ ಅವರ ಚಿತ್ರವನ್ನು ಮೊಬೈಲಿನ ಸ್ಟೇಟಸ್ಸಿಗೆ ಹಾಕಿಕೊಂಡಿರಬೇಕು. ತಪ್ಪಾಯಿತು ಎಂದವರನ್ನು ಮಾತ್ರ ನಾನು ಕಾಣಲಿಲ್ಲ. ಆಟಗಾರನಿಂದ ಪಶ್ಚಾತ್ತಾಪದ ಮುಖ ಬೇಡುವ ಅಭಿಮಾನಿ ತಾನು ಮಾತ್ರ ಆ ಮುಖ ಹಾಕಿಕೊಳ್ಳುವುದಿಲ್ಲ.

ಹಾಗಾದರೆ ತೀರ್ಪು ಏನು? ಒಟ್ಟಾರೆ ಈ ಕಲೆಯಲ್ಲಿ ನಮ್ಮ ಮೈದಾನದ ಕೂಗು ಮೊಬೈಲಿನ ಬರಹಕ್ಕಿಂತ ಎಷ್ಟೋ ಮೇಲು. ಅದರ ಭಾಷೆಗೆ ಊರಿನ ರುಚಿ ಇದೆ, ಅದಕ್ಕೆ ಆಟ ಗೊತ್ತಿದೆ, ಬೇಗ ಮರೆಯುವ ಗುಣವಿದೆ. ಅದು ಕೆಡುವುದು ಮೂರು ಕಡೆ: ರೊಕ್ಕ ಸೇರಿದಾಗ, ಮೈಕು ಸೇರಿದಾಗ, ಬಿಟ್ಟವನು ಯಾರ ಮಗ ಎಂದು ನೋಡಿದಾಗ. ಮೊದಲನೆಯದು ಪೊಲೀಸರ ಕೆಲಸ. ಉಳಿದೆರಡು ನಮ್ಮವು. ಗುಳೇದಗುಡ್ಡ, ಕಮತಗಿ, ಇಳಕಲ್, ಹುನಗುಂದ, ಬಾದಾಮಿ, ಎಲ್ಲ ಕಡೆ ಟೂರ್ನಮೆಂಟ್ ಮಾಡುವ ಹುಡುಗರಿಗೆ ನನ್ನದೊಂದು ಕೇಳಿಕೆ. ಬೆಸ್ಟ್ ಬ್ಯಾಟ್ಸ್‌ಮನ್, ಬೆಸ್ಟ್ ಬೌಲರ್ ಎಂದು ಕಪ್ಪು ಇಡುವಾಗ ಒಬ್ಬ ಫೀಲ್ಡರಿಗೂ ಇಡಿ. ಮ್ಯಾಚಿಗೆ ಮೊದಲು ಅರ್ಧ ತಾಸು ಆ ಹನ್ನೊಂದನೆಯ ಹುಡುಗನಿಗೆ ಎತ್ತರದ ಕ್ಯಾಚು ಹಾಕಿ ರೂಢಿ ಮಾಡಿಸಿ. ಮೈಕು ಹಿಡಿದವನಿಗೆ ಮೊದಲೇ ಹೇಳಿಡಿ: ಕ್ಯಾಚ್ ಹಿಡಿದವನ ಹೆಸರನ್ನು ಎಷ್ಟು ಸಲ ಬೇಕಾದರೂ ಕೂಗು, ಬಿಟ್ಟವನ ಹೆಸರನ್ನು ಒಮ್ಮೆಯೂ ಕೂಗಬ್ಯಾಡ.